ಎಂಟು ಪುಟಗಳ ಕಥೆ



ಚೆನ್ನೈನಲ್ಲಿರುವ ನಮ್ಮವರಿಗೆ ಅರ್ಮೇನಿಯನ್ ಸ್ಟ್ರೀಟ್ ಗೊತ್ತಿದ್ದೇ ಇರುತ್ತದೆ. ಅಲ್ಲಿನ ಹಳೆಯ ಚರ್ಚು 1772ರದು. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 'ಅಜ್ದರಾರ್' 1794ರಲ್ಲಿ ಅಚ್ಚಾಗಿದ್ದು ಅದೇ ಊರಿನಲ್ಲಿ! ಊರು ಬಿಟ್ಟು ಬಂದವರು ತಮ್ಮ ಅಕ್ಷರವನ್ನು ಎಷ್ಟು ಜೋಪಾನ ಮಾಡುತ್ತಾರೆ ಎನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಇವತ್ತು ಆ ಜನರ ಕೈಬರಹದ ಸುವಾರ್ತೆಗಳ ಬಗ್ಗೆ ನಾಲ್ಕು ಮಾತು.

ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಾಶ್ತೋತ್ಸ್ ಎಂಬ ಸಂನ್ಯಾಸಿ 36 ಅಕ್ಷರಗಳ ಅರ್ಮೇನಿಯನ್ ಲಿಪಿಯನ್ನು ರೂಪಿಸಿದರು. ಮುಂದೆ ನೂರಾರು ವರ್ಷ ಮಠಗಳಲ್ಲಿ ಚರ್ಮದ ಹಾಳೆಗಳ ಮೇಲೆ ನಾಲ್ಕು ಸುವಾರ್ತೆಗಳನ್ನು ಬರೆದು ಚಿತ್ರ ತುಂಬುತ್ತಾ ಬಂದರು. ಪುಸ್ತಕದ ಆರಂಭದಲ್ಲೇ ಅಂಕಿಗಳ ಕೋಷ್ಟಕ. ಒಂದು ಸುವಾರ್ತೆಯ ಪ್ರಸಂಗ ಉಳಿದ ಮೂರರಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಪಟ್ಟಿ ಅದು. ಬರೀ ಅಂಕಿ ತಾನೇ ಎಂದು ಕಲಾವಿದ ಬಿಡಲಿಲ್ಲ. ಸುತ್ತ ಕಂಬ, ಮೇಲೆ ಕಮಾನು, ಅದರ ನೆತ್ತಿಯ ಮೇಲೆ ನವಿಲು, ಪಕ್ಕದಲ್ಲಿ ಗಿಡಮರ, ನಡುವೆ ಹೊಳೆಯುವ ಚಿನ್ನ! ಒಳಗೆ ಹೋದರೆ ಅಧ್ಯಾಯದ ಮೊದಲಕ್ಷರವೇ ಹಕ್ಕಿಯ ರೂಪ ತಾಳಿರುತ್ತದೆ.

ಕೊನೆಯಲ್ಲಿ ಲಿಪಿಕಾರನ ಒಂದು ಟಿಪ್ಪಣಿ. ಯಾರಿಗಾಗಿ ಬರೆದೆ, ಯಾವ ವರ್ಷ, ಆಗ ಊರಿಗೆ ಬಂದ ಕಷ್ಟವೇನು ಎಂದು ಹೇಳಿ, "ನನ್ನನ್ನು ಪ್ರಾರ್ಥನೆಯಲ್ಲಿ ನೆನೆಯಿರಿ" ಎಂದು ಬೇಡುವುದು ರೂಢಿ. ಗ್ರಂಥ ದಾಳಿಕೋರರ ಕೈಸೇರಿದರೆ ಅದು "ಸೆರೆಯಾಯಿತು" ಎಂದೇ ಬರೆಯುತ್ತಿದ್ದರು. ಹಣ ಕೊಟ್ಟು, ಮನುಷ್ಯರನ್ನು ಬಿಡಿಸಿ ತಂದಂತೆ, ಅದನ್ನು ಬಿಡಿಸಿ ತರುತ್ತಿದ್ದರು.

ಇವರಲ್ಲಿ ತೋರೋಸ್ ರೋಸ್ಲಿನ್ ಹೆಸರು ದೊಡ್ಡದು. ಕಿಲಿಕಿಯಾದ ಅರ್ಮೇನಿಯನ್ ರಾಜ್ಯದ ಕಾಲದಲ್ಲಿ, ಯೂಫ್ರೆಟಿಸ್ ನದಿಯ ದಡದ ಹ್ರೋಮ್‌ಕ್ಲಾ ಕೋಟೆಯಲ್ಲಿ, 1256ರಲ್ಲಿ ಆತ ಮುಗಿಸಿದ ಗ್ರಂಥಕ್ಕೆ ಜೈತೂನ್ ಸುವಾರ್ತೆ ಎಂದು ಹೆಸರು. 1915ರ ನರಮೇಧದ ವರ್ಷಗಳಲ್ಲಿ ಜೈತೂನ್ ಊರಿನ ಜನರೂ ಚದುರಿದರು, ಪುಸ್ತಕವೂ ಹರಿದು ಎರಡಾಯಿತು. ಮುಖ್ಯ ಭಾಗ ಯೆರೆವಾನಿನ ಮತೆನದರಾನ್ ಗ್ರಂಥಾಲಯ ಸೇರಿತು. ಕೋಷ್ಟಕದ 8 ಪುಟಗಳು ಅಮೆರಿಕ ತಲುಪಿದವು. 1994ರಲ್ಲಿ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಅವನ್ನು ಕೊಂಡುಕೊಂಡಿತು. 2010ರಲ್ಲಿ ಅರ್ಮೇನಿಯನ್ ಚರ್ಚು ದಾವೆ ಹೂಡಿತು. 2015ರಲ್ಲಿ ರಾಜಿಯಾಯಿತು. ಪುಟಗಳು ಚರ್ಚಿನವೇ ಎಂದು ಮ್ಯೂಸಿಯಂ ಒಪ್ಪಿತು. ಚರ್ಚು ಅವನ್ನು ಮ್ಯೂಸಿಯಂಗೇ ದಾನವಾಗಿ ಕೊಟ್ಟಿತು.

ಪುಟಗಳು ಇದ್ದಲ್ಲೇ ಉಳಿದವು, ನಿಜ. ಆದರೆ ಅವು ಯಾರವು ಎಂಬ ಮಾತು ನಿಂತಿತು. ಸೆರೆಯಿಂದ ಬಿಡಿಸುವುದು ಎಂದರೆ ಕೆಲವೊಮ್ಮೆ ಅಷ್ಟೇ ಇರಬಹುದು, ಅಲ್ಲವೇ?