ಯೂರೋಪಾ: ಮಂಜುಗಡ್ಡೆಯಲ್ಲಿ ಹುಟ್ಟುವ ಗಾಳಿ

ನಮ್ಮ ಹೋಟಗಿ ಜಂಕ್ಷನ್ನಿನಿಂದ ವಿಜಯಪುರಕ್ಕೂ ರೈಲುಂಟು, ಕಲಬುರಗಿಗೂ ಉಂಟು. ಆದರೆ ಈ ಹೊತ್ತು ನಾನು ಪರಿಚಯಿಸಲಿರುವ ಜಾಗಕ್ಕೆ ಮನುಷ್ಯರಾರೂ ಇನ್ನೂ ಕಾಲಿಟ್ಟಿಲ್ಲ. ಅದು ಗುರುಗ್ರಹದ ಚಂದ್ರ ಯೂರೋಪಾ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರಲ್ಲಿ ಒಂದು. ಗುರು ಎದ್ದು ಕಾಣುವ ರಾತ್ರಿ ಕೆರೆಯ ದಂಡೆಗೆ ಹೋಗಿ ಒಳ್ಳೆಯ ಬೈನಾಕ್ಯುಲರ್ ಹಿಡಿದರೆ ನಿಮಗೂ ಕಂಡೀತು.

ಯೂರೋಪಾ ನಮ್ಮ ಚಂದ್ರನಿಗಿಂತ ತುಸು ಚಿಕ್ಕದು. ನೆಲವೆಲ್ಲ ಮಂಜುಗಡ್ಡೆ. ಸಮಭಾಜಕದಲ್ಲೂ ಚಳಿ ಸೊನ್ನೆಗಿಂತ ಸುಮಾರು 160 ಡಿಗ್ರಿ ಕೆಳಗೆ. ನಾವು ಉಸಿರಾಡುವ ಆಮ್ಲಜನಕ ಗಿಡಮರ, ಪಾಚಿಗಳ ಕೊಡುಗೆ. ಹುಲ್ಲುಗರಿಯೂ ಕಾಣದ ಯೂರೋಪಾದಲ್ಲೂ ಹಬಲ್ ದೂರದರ್ಶಕ ಆಮ್ಲಜನಕ ಕಂಡಿತೆಂಬ ಸುದ್ದಿ 1995ರಲ್ಲಿ ಬಂತು. ಎಲ್ಲಿಂದ ಬಂತು ಈ ಗಾಳಿ?

ಅದಕ್ಕೆ ಪಕ್ಕದ ಚಂದ್ರ ಅಯೋವನ್ನು ನೋಡಬೇಕು. ಅಲ್ಲಿನ ಜ್ವಾಲಾಮುಖಿಗಳಿಂದ ಹೊರಬಿದ್ದ ಗಂಧಕ, ಆಮ್ಲಜನಕದ ಪರಮಾಣುಗಳು ವಿದ್ಯುದಾವೇಶ ಪಡೆದು ಗುರುವಿನ ಕಾಂತಕ್ಷೇತ್ರಕ್ಕೆ ಸಿಕ್ಕಿಬೀಳುತ್ತವೆ. ಗುರು ಒಮ್ಮೆ ತನ್ನ ಸುತ್ತ ತಿರುಗಲು ಹತ್ತು ತಾಸೂ ಬೇಡ. ಕಾಂತಕ್ಷೇತ್ರವೂ ಜೊತೆಗೇ ತಿರುಗುತ್ತದೆ. ಯೂರೋಪಾ ಗುರುವನ್ನು ಸುತ್ತಲು ಮೂರೂವರೆ ದಿನ ಬೇಕು. ಜಂಕ್ಷನ್ ಬಳಿ ನಿಧಾನವಾಗಿ ಸಾಗುವ ಗೂಡ್ಸ್ ಗಾಡಿಯನ್ನು ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ದಾಟಿಹೋಗುತ್ತದಲ್ಲ, ಹಾಗೆ ಆ ಕಣಗಳು ಯೂರೋಪಾದ ಬೆನ್ನು ಹತ್ತುತ್ತವೆ. ಆದರೆ ಇಲ್ಲಿ ಬೇರೆ ಹಳಿಯಿಲ್ಲ, ಬಂದು ಅಪ್ಪಳಿಸುತ್ತವೆ.

ಆ ಪೆಟ್ಟಿಗೆ ಮಂಜಿನೊಳಗಿನ ನೀರಿನ ಅಣುಗಳು ಒಡೆಯುತ್ತವೆ. ಹಗುರಾದ ಜಲಜನಕ ಹಾರಿಹೋಗುತ್ತದೆ. ಸಿಡಿದೆದ್ದ ನೀರಾವಿ ಮತ್ತೆ ಮಂಜಿಗೇ ಅಂಟಿಕೊಳ್ಳುತ್ತದೆ. ಆಮ್ಲಜನಕ ಭಾರ, ಅಲ್ಲಿನ ಚಳಿಗೂ ಸುಲಭವಾಗಿ ಹೆಪ್ಪುಗಟ್ಟದು. ಹಾಗಾಗಿ ಅದೇ ಗಾಳಿಯಾಗಿ ಉಳಿಯುತ್ತದೆ. ಎಷ್ಟು ತೆಳುವೆಂದರೆ, ಅದರ ಒತ್ತಡ ನಮ್ಮ ಗಾಳಿಯೊತ್ತಡದ ಸುಮಾರು ಲಕ್ಷ ಕೋಟಿಯಲ್ಲೊಂದು ಪಾಲು! ಅದು ಕೂಡಿಬೀಳುವುದೂ ಇಲ್ಲ. ಹುಟ್ಟಿಸಿದ ಕಣಗಳೇ ಅದನ್ನು ಒಡೆದು ಹೊರಗಟ್ಟುತ್ತವೆ.

2022ರ ಸೆಪ್ಟೆಂಬರಿನಲ್ಲಿ ಜೂನೋ ನೌಕೆ ಯೂರೋಪಾದ ಹತ್ತಿರ ಹಾದಾಗ ಜಲಜನಕವನ್ನು ಅಳೆಯಿತು. ಆ ಲೆಕ್ಕದಿಂದ ತಿಳಿದದ್ದು: ಅಲ್ಲಿ ಸೆಕೆಂಡಿಗೆ ಸುಮಾರು 12 ಕಿಲೋ, ಅಂದರೆ ದಿನಕ್ಕೆ ಸಾವಿರ ಟನ್ ಆಮ್ಲಜನಕ ಹುಟ್ಟುತ್ತದೆ. ಶನಿಯ ಚಂದ್ರ ರಿಯಾದಲ್ಲೂ ಇಂಥದೇ ತೆಳುಗಾಳಿ ಇರುವುದು 2010ರಲ್ಲಿ ಕ್ಯಾಸಿನಿ ನೌಕೆಯಿಂದ ಗೊತ್ತಾಯಿತು.

ಆದ್ದರಿಂದ ದೂರದ ಲೋಕವೊಂದರಲ್ಲಿ ಆಮ್ಲಜನಕ ಸಿಕ್ಕಿದ ಕೂಡಲೇ ಜೀವ ಸಿಕ್ಕಿತೆಂದು ಹಿಗ್ಗಬಾರದು. ನನಗೆ ಹೆಚ್ಚಿನ ಕುತೂಹಲವಿರುವುದು ಯೂರೋಪಾದ ಮಂಜಿನ ಅಡಿ ಇದೆಯೆಂದು ವಿಜ್ಞಾನಿಗಳು ಬಲವಾಗಿ ನಂಬಿರುವ ಉಪ್ಪುನೀರಿನ ಕಡಲಿನ ಬಗ್ಗೆ. ಮೇಲೆ ಹುಟ್ಟಿದ ಆಮ್ಲಜನಕ ಒಂದಿಷ್ಟಾದರೂ ಅಲ್ಲಿಗಿಳಿದರೆ, ಅಲ್ಲಿ ಸೂಕ್ಷ್ಮಜೀವಿಗಳಿದ್ದರೆ, ಅವು ಅದರಿಂದ ಶಕ್ತಿ ಪಡೆಯಬಲ್ಲವು. 2024ರ ಅಕ್ಟೋಬರ್ 14ರಂದು ಹೊರಟ ಯೂರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಲಿದೆ. ಮಂಜಿನ ಪದರದ ಒಳಗನ್ನು ರೇಡಾರಿನಿಂದ ಪರೀಕ್ಷಿಸುವುದು ಅದರ ಕೆಲಸಗಳಲ್ಲೊಂದು.