ಬರೆದಿಟ್ಟ ಗುಟ್ಟು



ಮಾನಸಿಕ ಆರೋಗ್ಯದ ಸಭೆಗಳೆಂದರೆ ಬೆಂಗಳೂರು, ಮೈಸೂರಿನ ಸಭಾಂಗಣಗಳಲ್ಲೇ ನಡೆಯಬೇಕೆಂಬುದು ರೂಢಿ. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರಾದ ಕ್ಯಾತನಹಳ್ಳಿಯಲ್ಲಿ ಇಂಥ ಸಭೆ ಸೇರಿರುವಾಗ ನಗರದಲ್ಲಿ ಆಡುವ ಮಾತನ್ನೇ ಇಲ್ಲೂ ಆಡಿ ಎದ್ದುಹೋಗುವುದು ಸರಿಯಲ್ಲ. ಆಪ್ತಸಮಾಲೋಚನೆಗೆ ಬಂದವರ ಖಾಸಗಿ ಮಾಹಿತಿಯನ್ನು ಕಾಪಾಡುವುದು ಹೇಗೆ ಎಂದು ಕೇಳಿದರೆ ನಗರದ ತಜ್ಞರು ಪಾಸ್‌ವರ್ಡ್, ಎನ್‌ಕ್ರಿಪ್ಷನ್, ಸರ್ವರ್ ಎನ್ನುತ್ತಾರೆ. ಅವೆಲ್ಲ ಬೇಕು. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಊರುಗಳಲ್ಲಿ ಮಾಹಿತಿ ಸೋರಲು ಶುರುವಾಗುವುದು ಪೆನ್ನು ಕಾಗದಕ್ಕೆ ತಾಗಿದಾಗಲೇ. ಆದ್ದರಿಂದ ಚಿಕಿತ್ಸೆಗೆ ಬೇಕಾದಷ್ಟನ್ನೇ ಬರೆಯಬೇಕು, ಬರೆದದ್ದನ್ನು ಹೆಸರಿನಿಂದ ದೂರ ಇಡಬೇಕು, ಕೆಲಸ ಮುಗಿದ ಮೇಲೆ ಉಳಿಸಿಕೊಳ್ಳಬಾರದು. ಬೀಗ, ಪಾಸ್‌ವರ್ಡ್‌ಗಳ ಮಾತು ಇದಾದ ಮೇಲೆ. ಇವತ್ತು ನಾನು ಮುಂದಿಡುವ ವಾದ ಇಷ್ಟೇ.

ಕಾನೂನು ಬಹುಮಟ್ಟಿಗೆ ನಮ್ಮ ಬಳಿ ಬರುವವರ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಮಾನಸಿಕ ಅಸ್ವಸ್ಥರಿಗೆ ಗೌಪ್ಯತೆಯ ಹಕ್ಕು ಕೊಟ್ಟು, ಅದನ್ನು ಕಾಯುವ ಹೊಣೆಯನ್ನು ಚಿಕಿತ್ಸೆ ಮಾಡುವವರ ಮೇಲೆ ಹೊರಿಸಿದೆ. 24ನೇ ಕಲಂ ಪ್ರಕಾರ ಒಪ್ಪಿಗೆಯಿಲ್ಲದೆ ಅವರ ಫೋಟೊವನ್ನಾಗಲಿ ಮಾಹಿತಿಯನ್ನಾಗಲಿ ಮಾಧ್ಯಮಗಳಿಗೆ ಕೊಡುವಂತಿಲ್ಲ. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟರು. ಮಾಹಿತಿಗೆ ಸರಿಯಾದ ಭದ್ರತೆ ಮಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆಂದು ಆ ಕಾಯ್ದೆ ಹೇಳುತ್ತದೆ. ಓದಿದರೆ ಎದೆ ಝಲ್ಲೆನ್ನುವ ಮೊತ್ತ. ಆದರೆ ಈ ಕಾಯ್ದೆ ಕಂಪ್ಯೂಟರಿಗೆ ಏರಿದ ಮಾಹಿತಿಗೆ ಮಾತ್ರ. ಮೇಜಿನ ಮೇಲೆ ಬಿದ್ದಿರುವ ರಿಜಿಸ್ಟರ್ ಅದರ ಕೈಗೆ ಸಿಗುವುದಿಲ್ಲ. ಸಾಲದ್ದಕ್ಕೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಮಾನಸಿಕ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮವೆಂದು ಬೇರೆಯಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಒಬ್ಬಾಕೆಯ ಮೊಬೈಲ್ ನಂಬರಿಗೂ ಆಕೆ ಸಾಯಲು ಹೊರಟಿದ್ದ ಸಂಗತಿಗೂ ಅದು ಒಂದೇ ತಕ್ಕಡಿ ಹಿಡಿಯುತ್ತದೆ.

ಆ ರಿಜಿಸ್ಟರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಮೊಬೈಲ್, ಕಾಯಿಲೆ, ಸಹಿ. ದಾರ ಕಟ್ಟಿದ ಪೆನ್ನು ಹಿಡಿದು ಸಹಿ ಹಾಕಲು ಬಗ್ಗಿದವನ ಕಣ್ಣಿಗೆ ತನಗಿಂತ ಮುಂಚೆ ಬಂದವರ ಸಾಲುಗಳೆಲ್ಲ ಬೀಳುತ್ತವೆ. ಯಾರೂ ಕದಿಯಲಿಲ್ಲ, ಯಾರೂ ಹ್ಯಾಕ್ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಸುದ್ದಿ ಟೀ ಅಂಗಡಿ ಮುಟ್ಟಿರುತ್ತದೆ. ಹೆಸರಿನ ಕಾಲಂ ಮುಚ್ಚಿದರೂ ಸಾಲದು. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಅಂಚೆ ಸಂಖ್ಯೆ, ಹುಟ್ಟಿದ ತಾರೀಕು, ಹೆಣ್ಣೋ ಗಂಡೋ ಎಂಬ ಮೂರೇ ವಿವರ ಇದ್ದರೆ ಅಲ್ಲಿನ ಶೇ. 87ರಷ್ಟು ಜನರನ್ನು ಇಂಥವರೇ ಎಂದು ಗುರುತಿಸಿಬಿಡಬಹುದು. ನಮ್ಮ ಹೋಬಳಿಗಳಲ್ಲಿ ಅಷ್ಟೂ ಬೇಡ. ಇಂಥ ಊರಿನ ಅಂಗನವಾಡಿ ಕಾರ್ಯಕರ್ತೆ, ಗಂಡ ಕಾರ್ಖಾನೆ ಕೆಲಸ ಬಿಟ್ಟವನು ಎಂದರೆ ಸಾಕು, ಕೇಳಿದವರು ಮನೆಯ ಬಾಗಿಲನ್ನೇ ತೋರಿಸುತ್ತಾರೆ. ಯಾವ ದಿನ ಬಂದರು ಎಂಬುದೂ ಗುಟ್ಟು ಬಿಟ್ಟುಕೊಡುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಇದು ಒಳ್ಳೆಯ ಯೋಜನೆ, ಬೆಂಗಳೂರಿನ ಬಸ್ ಹತ್ತುವ ಕಷ್ಟ ತಪ್ಪಿಸಿದೆ. ಆದರೆ ಮಂಗಳವಾರ ಆ ಕೊಠಡಿಯ ಮುಂದಿನ ಬೆಂಚಿನಲ್ಲಿ ಕೂತವರು ಯಾಕೆ ಬಂದಿದ್ದಾರೆಂದು ಯಾರೂ ಕೇಳಬೇಕಾಗಿಲ್ಲ. ಇನ್ನು ಖಾಸಗಿ ಕೇಂದ್ರಗಳಿಗೆ ಬಂದರೆ, ನಾಳೆ ಹನ್ನೊಂದಕ್ಕೆ ನಿಮ್ಮ ಕೌನ್ಸೆಲಿಂಗ್ ಇದೆ ಎಂಬ ಮೆಸೇಜು ಮನೆಗೆಲ್ಲ ಒಂದೇ ಇರುವ ಫೋನಿಗೆ ಹೋಗುತ್ತದೆ. ಫೀಸನ್ನು ಫೋನ್‌ಪೇಯಲ್ಲಿ ಕಟ್ಟಿದರೆ ಕೇಂದ್ರದ ಹೆಸರು ಮಗನ ಖಾತೆಯಲ್ಲಿ ಕೂರುತ್ತದೆ. ಹಳೆಯ ಫೈಲುಗಳು ರದ್ದಿಗೆ ಹೋಗಿ ಬೋಂಡದ ಪೊಟ್ಟಣವಾಗಿ ವಾಪಸ್ ಬಂದರೂ ಬರಬಹುದು.

ಗೊತ್ತಾದರೆ ಏನಾಯಿತು ಎನ್ನುವವರಿದ್ದಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಆಧಾರ. ವಕೀಲರ ಬಳಿ ಕಕ್ಷಿದಾರ ಆಡಿದ ಮಾತಿಗೂ ಗಂಡ ಹೆಂಡಿರ ನಡುವಿನ ಮಾತಿಗೂ ಸಾಕ್ಷ್ಯ ಕಾನೂನು ರಕ್ಷಣೆ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಆ ಸಾಲಿನಲ್ಲಿ ವೈದ್ಯರೂ ಇಲ್ಲ, ಆಪ್ತಸಮಾಲೋಚಕರೂ ಇಲ್ಲ. ಅಂದರೆ ನಾವು ಬರೆದಿಟ್ಟದ್ದನ್ನು ನ್ಯಾಯಾಲಯ ತರಿಸಿಕೊಳ್ಳಬಹುದು. ಈ ಜಿಲ್ಲೆಗೆ ಇನ್ನೊಂದು ಲೆಕ್ಕವೂ ಇದೆ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಅಲುಗಿಸಿದವು, ಪರಿಹಾರದ ಮೊತ್ತ 5 ಲಕ್ಷಕ್ಕೆ ಏರಿತು. ಆ ಪರಿಹಾರ ಸಿಗಬೇಕಾದರೆ ಸಾವಿಗೆ ಸಾಲ ಕಾರಣವೇ, ಕುಡಿತವೋ ಸಂಸಾರದ ಜಗಳವೋ ಕಾರಣವೇ ಎಂದು ಸಮಿತಿ ನೋಡುತ್ತದೆ. ಸಮಾಲೋಚಕ ತನ್ನ ನೆನಪಿಗೆಂದು ಗೀಚಿಕೊಂಡ ‘ಕುಡಿಯುತ್ತಾರೆ, ಹೆಂಡತಿ ತವರಿಗೆ ಹೋಗಿದ್ದಾಳೆ’ ಎಂಬ ಒಂದು ಸಾಲು ಅಂಥ ಸಮಿತಿಯ ಮುಂದೆ ಬಂದರೆ ಏನಾದೀತು, ಯೋಚಿಸಿ.

ಬರೆದಿಟ್ಟದ್ದೇ ಅಪಾಯ ಎಂಬ ಮಾತಿಗೆ ದೊಡ್ಡ ಸಾಕ್ಷಿ ಫಿನ್ಲೆಂಡಿನಿಂದ ಬಂದಿದೆ. ಅಲ್ಲಿ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆ ದೇಶದುದ್ದಕ್ಕೂ ಕೇಂದ್ರಗಳನ್ನು ನಡೆಸುತ್ತಿತ್ತು. ಅದರ ಸರ್ವರಿಗೆ ಸರಿಯಾದ ಕಾವಲೇ ಇರಲಿಲ್ಲ, 2018ರಲ್ಲಿ ಕಳ್ಳ ಒಳಹೊಕ್ಕ. 2020ರಲ್ಲಿ ಮೊದಲು ಸಂಸ್ಥೆಯನ್ನು 40 ಬಿಟ್‌ಕಾಯಿನ್ ಕೇಳಿದ. ಅದು ಸಿಗದಾಗ ಚಿಕಿತ್ಸೆ ಪಡೆದವರಿಗೇ ಒಬ್ಬೊಬ್ಬರಿಗೆ ಇಮೇಲ್ ಕಳಿಸಿ, 200 ಯೂರೊ ಕೊಡದಿದ್ದರೆ ನಿನ್ನ ಮಾತುಗಳನ್ನೆಲ್ಲ ಬಯಲು ಮಾಡುತ್ತೇನೆಂದು ಹೆದರಿಸಿದ. 30 ಸಾವಿರಕ್ಕೂ ಹೆಚ್ಚು ಜನರ ದಾಖಲೆ ಅವನ ಕೈಯಲ್ಲಿತ್ತು. ಸಂಸ್ಥೆ ದಿವಾಳಿಯಾಯಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ ಆರೋಪಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆ ವಿಧಿಸಿತು. ಸರ್ವರಿಗೆ ಬೀಗ ಹಾಕಿ ಎಂಬ ಪಾಠವನ್ನು ಇದರಿಂದ ಎಲ್ಲರೂ ಕಲಿಯುತ್ತಾರೆ. ನನಗೆ ಹೆಚ್ಚಿನದೆನಿಸುವುದು ಬೇರೊಂದು. ಕದ್ದದ್ದು ಹೆಸರು, ವಿಳಾಸಗಳಷ್ಟೇ ಆಗಿದ್ದರೆ ಬೆದರಿಕೆಗೆ ಅರ್ಧ ಬಲವೂ ಇರುತ್ತಿರಲಿಲ್ಲ. ಬೆಲೆ ಬಂದದ್ದು ಚಿಕಿತ್ಸಕರು ಬರೆದಿಟ್ಟ ಟಿಪ್ಪಣಿಗಳಿಗೆ, ಅವು ಹೆಸರಿನ ಜೊತೆಯಲ್ಲೇ ಇದ್ದದ್ದಕ್ಕೆ. ದೂರ ಹೋಗುವುದೂ ಬೇಡ. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಕೋವಿಡ್ ಕ್ವಾರಂಟೈನಿನಲ್ಲಿ ಮನೆಯೊಳಗಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತು. ಅದು ವಾಟ್ಸಾಪ್ ಗುಂಪುಗಳಿಗೆ ಹರಿದು, ಆ ಮನೆಗಳನ್ನು ನೆರೆಹೊರೆ ನೋಡುವ ನೋಟವೇ ಬೇರೆಯಾಯಿತು. ಹೊರಗಿನ ಕಳ್ಳನಿಂದ ಕಾಯುವ ಬೀಗ, ಒಳಗಿರುವವರೇ ಸದುದ್ದೇಶದಿಂದ ಬಾಗಿಲು ತೆರೆದರೆ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ಒಂದು ಸಣ್ಣ ಕೇಂದ್ರ ಮಾಡಬೇಕಾದುದೇನು? ದಾಖಲೆಯನ್ನು ಎರಡಾಗಿ ಒಡೆಯಬೇಕು. ಯಾವ ತೊಂದರೆ, ಯಾವ ಚಿಕಿತ್ಸೆ, ಮುಂದೆ ಯಾವಾಗ ಬರಬೇಕು, ಜೀವಕ್ಕೆ ಅಪಾಯವಿದೆಯೇ ಎಂಬುದು ಚಿಕಿತ್ಸಾ ದಾಖಲೆ. ಅದನ್ನು ಕೇಳಿ ಪಡೆಯುವ ಹಕ್ಕು ಬಂದವರಿಗೆ ಇದೆ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಂ ಅದನ್ನು ಕೊಟ್ಟಿದೆ. ಅತ್ತೆ ಏನೆಂದಳು, ಭೂಮಿ ಯಾರ ಹೆಸರಿನಲ್ಲಿದೆ, ಹದಿನಾರನೇ ವಯಸ್ಸಿನಲ್ಲಿ ಏನು ನಡೆಯಿತು ಎಂಬುದು ಸಮಾಲೋಚಕರ ತಲೆಯಲ್ಲಿ ಇರಬೇಕಾದದ್ದು. ಬರೆಯಲೇಬೇಕಾದರೆ ಹೆಸರಿಲ್ಲದ ಸಂಕೇತ ಸಂಖ್ಯೆಯಡಿ ಬರೆದು, ಸಂಖ್ಯೆಗೂ ಹೆಸರಿಗೂ ಕೊಂಡಿಯಾದ ಪಟ್ಟಿಯನ್ನು ಬೇರೆ ಕಪಾಟಿನಲ್ಲಿ ಇಡಬೇಕು. ಬರೆಯುವ ಮುನ್ನ ಪ್ರತಿ ಸಾಲಿಗೂ ಒಂದು ಪ್ರಶ್ನೆ: ಮುಂದಿನ ಸಲ ನೋಡುವವರಿಗೆ ಇದಿಲ್ಲದಿದ್ದರೆ ಚಿಕಿತ್ಸೆ ಕೆಡುತ್ತದೆಯೇ? ಫೋನ್ ಮಾಡಬಹುದೇ, ಯಾವ ಹೊತ್ತಿನಲ್ಲಿ, ಬೇರೆಯವರು ಎತ್ತಿದರೆ ಏನೆನ್ನಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು. ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ಸೇರಿ ರಾಜ್ಯಕ್ಕೆ ಕಟ್ಟಿಕೊಟ್ಟು 2021ರಲ್ಲಿ ಶುರುವಾದ ಇ-ಮಾನಸ್ ವ್ಯವಸ್ಥೆ ಯಾರು ಏನನ್ನು ನೋಡಬಹುದೆಂದು ಅವರವರ ಕೆಲಸಕ್ಕೆ ತಕ್ಕಂತೆ ಬೇರ್ಪಡಿಸುತ್ತದೆ. ಆ ವಿವೇಕ ಕಾಗದಕ್ಕೂ ಬರಲಿ. ಟೋಕನ್ ಕೊಡುವ ಹುಡುಗನಿಗೆ ಕಾಯಿಲೆಯ ಹೆಸರು ಯಾಕೆ?

ಕಡಿಮೆ ಬರೆದರೆ ನಾಳೆ ಬರುವ ಬೇರೆ ವೈದ್ಯರಿಗೆ ತೊಡಕಾಗುತ್ತದೆ, ನಮ್ಮ ಮೇಲೆ ದೂರು ಬಂದರೆ ಕೈಯಲ್ಲಿ ಆಧಾರ ಇರುವುದಿಲ್ಲ ಎಂಬ ಆಕ್ಷೇಪವಿದೆ. ಇದು ತೂಕದ ಮಾತು. ಅದಕ್ಕೇ ನಾನು ಬರೆಯಬೇಡಿ ಎನ್ನುತ್ತಿಲ್ಲ. ಔಷಧಿ, ಅಪಾಯದ ಅಂದಾಜು, ಒಪ್ಪಿಗೆ ಪಡೆದ ದಿನ ಇವುಗಳನ್ನು ಈಗಿರುವುದಕ್ಕಿಂತ ಅಚ್ಚುಕಟ್ಟಾಗಿ ಬರೆಯಬೇಕು. ನಮ್ಮ ಫೈಲುಗಳಲ್ಲಿ ಕತೆ ಜಾಸ್ತಿ, ಇವೇ ಕಡಿಮೆ. ಎರಡನೆಯ ಆಕ್ಷೇಪ ಮನೆಯವರದು. ನಮ್ಮಲ್ಲಿ ಕುಟುಂಬ ಬಿಟ್ಟು ಚಿಕಿತ್ಸೆಯಿಲ್ಲ, ನಿಮ್ಹಾನ್ಸ್ ಕೂಡ ದಶಕಗಳಿಂದ ಕುಟುಂಬವನ್ನು ಸೇರಿಸಿಕೊಂಡೇ ಕೆಲಸ ಮಾಡಿದೆ, ಇನ್ನು ಗುಟ್ಟು ಯಾರಿಂದ ಎಂದು ಕೇಳುತ್ತಾರೆ. 2017ರ ಕಾಯ್ದೆಯೇ ಇದಕ್ಕೆ ದಾರಿ ಮಾಡಿದೆ. ತನ್ನ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ಬಂದವರೇ ಹೇಳಬಹುದು. ಜೊತೆಗೆ ಬಂದ ಭಾವ ಮೈದುನರೆಲ್ಲ ಪ್ರತಿನಿಧಿಗಳಲ್ಲ. ಜೀವಕ್ಕೆ ಅಪಾಯವಿದ್ದಾಗ ಬಾಯಿ ಬಿಡಲು 23ನೇ ಕಲಂ ಅವಕಾಶ ಕೊಟ್ಟಿದೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ಆಗಲೂ ಅಪಾಯ ತಪ್ಪಿಸಲು ಬೇಕಾದಷ್ಟೇ ಮಾತು.

ಮೂರನೆಯ ಆಕ್ಷೇಪ ನನಗೆ ಹೆಚ್ಚು ಗೌರವವಿರುವವರಿಂದ ಬರುತ್ತದೆ. ಶುಗರ್, ಬಿಪಿಯಂತೆ ಇದೂ ಕಾಯಿಲೆ ಎಂದು ಭಾಷಣ ಮಾಡುವ ನಾವೇ ಬಚ್ಚಿಟ್ಟರೆ ಕಳಂಕ ಹೋಗುವುದು ಯಾವಾಗ ಎನ್ನುತ್ತಾರೆ. ಕಳಂಕ ಹೋಗಬೇಕು, ನಿಜ. ಆದರೆ ಅದನ್ನು ಮೈಮೇಲೆ ಎಳೆದುಕೊಂಡು ಹೋರಾಡುವ ತೀರ್ಮಾನ ಆ ಬೆಂಚಿನಲ್ಲಿ ಕೂತವರದು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ತೊಂದರೆ ಇರುವವರಲ್ಲಿ ಶೇ. 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ದೂರ, ದುಡ್ಡು, ತಿಳಿವಳಿಕೆಯ ಕೊರತೆ ಹೀಗೆ ಕಾರಣಗಳು ಹಲವು. ಊರಿಗೆ ಗೊತ್ತಾಗುವ ಅಂಜಿಕೆಯೂ ಅವುಗಳಲ್ಲಿ ಒಂದು, ಮತ್ತು ಅದೊಂದನ್ನು ಕಳೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡುವವರು ಮುಖ ತೋರಿಸಬೇಕಾಗಿಲ್ಲ. ಎದುರು ಬಂದು ಕೂರುವವರಿಗೂ ಅಷ್ಟು ಧೈರ್ಯ ಸಿಗಬೇಡವೇ?

ಊಟದ ನಂತರ ನಿರ್ಣಯಗಳು ಬರಲಿವೆ. ಮಂಗಳವಾರದ ಚಿಕಿತ್ಸೆಗೂ ಸಾಮಾನ್ಯ ಓಪಿಡಿಯ ಟೋಕನನ್ನೇ ಕೊಟ್ಟು ಅದೇ ಬೆಂಚಿನಲ್ಲಿ ಕೂರಿಸಬೇಕು, ರಿಜಿಸ್ಟರಿನಿಂದ ಕಾಯಿಲೆಯ ಕಾಲಂ ತೆಗೆಯಬೇಕು ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೋರುವ ನಿರ್ಣಯವನ್ನು ಮೊದಲು ತೆಗೆದುಕೊಳ್ಳಿ ಎಂದು ಸಂಚಾಲಕರಲ್ಲಿ ಕೇಳಿಕೊಳ್ಳುತ್ತೇನೆ. ಅನುದಾನ ಬರಲಿ ಎಂದು ಕಾಯುವ ಕೆಲಸ ಇದಲ್ಲ. ಖಾಸಗಿ ಕೇಂದ್ರಗಳವರು ಯಾರ ಆದೇಶಕ್ಕೂ ಕಾಯದೆ ಸೋಮವಾರದ ಹೊಸ ಹಾಳೆಗೆ ಗೆರೆ ಎಳೆಯುವಾಗಲೇ ಒಂದು ಗೆರೆ ಕಡಿಮೆ ಎಳೆಯಬಹುದು.