ಟಿಕೆಟ್ಟು ಸಿಕ್ಕಿತು, ಕ್ಷೇತ್ರ?



2024ರಲ್ಲಿ ಗಡಿಯಾಚೆ ಆಂಧ್ರದ ಪೆನುಕೊಂಡ ವಿಧಾನಸಭಾ ಕ್ಷೇತ್ರದಲ್ಲಿ ಎದುರುಬದುರಾದ ಇಬ್ಬರೂ ಹೆಂಗಸರು, ಇಬ್ಬರೂ ಕುರುಬರು. ವೈಎಸ್ಸಾರ್ ಕಾಂಗ್ರೆಸ್ಸಿನ ಕೆ.ವಿ. ಉಷಶ್ರೀ ಚರಣ್ ಆಗ ಮಹಿಳಾ ಮತ್ತು ಶಿಶು ಕಲ್ಯಾಣ ಸಚಿವೆ. ತೆಲುಗುದೇಶಂನ ಎಸ್. ಸವಿತಾ ಉಷಶ್ರೀಯವರನ್ನು ಸೋಲಿಸಿ, ಜೂನ್‌ನಲ್ಲಿ ಹಿಂದುಳಿದ ವರ್ಗಗಳ ಕಲ್ಯಾಣ ಸಚಿವೆಯಾದರು. ಆ ಸಲ ರಾಜ್ಯದಲ್ಲೆಲ್ಲ ಗಾಳಿ ಒಂದೇ ಕಡೆ ಬೀಸಿತ್ತು, ಒಪ್ಪುತ್ತೇನೆ. ಆದರೂ ಹೆಣ್ಣೆಂದು ಬೀಳುವ ಓಟು, ನಮ್ಮ ಕುಲದವಳೆಂದು ಬೀಳುವ ಓಟು ಎರಡೂ ಕಡೆಗೆ ಸಲ್ಲುವಂತಿದ್ದಾಗ ಮತದಾರ ಇನ್ನೇನನ್ನೋ ತೂಗಲೇಬೇಕಾಯಿತು. ಅದು ಸಣ್ಣ ಸಂಗತಿಯಲ್ಲ.

ನನ್ನನ್ನು ಕಾಡುವುದು ಬೇರೆ. ಉಷಶ್ರೀಯವರು 2019ರಲ್ಲಿ ಗೆದ್ದದ್ದು ಕಲ್ಯಾಣದುರ್ಗದಲ್ಲಿ. 2022ರ ಏಪ್ರಿಲ್‌ನಲ್ಲಿ ಮಂತ್ರಿಯಾದದ್ದೂ ಅಲ್ಲಿನ ಶಾಸಕಿಯಾಗಿಯೇ. ಐದು ವರ್ಷ ಓಡಾಡಿದ ಊರುಗಳನ್ನು ಬಿಟ್ಟು ಅವರು ಪೆನುಕೊಂಡಕ್ಕೆ ಬರಬೇಕಾಯಿತು. ಕಲ್ಯಾಣದುರ್ಗದ ಟಿಕೆಟ್ಟು ಅನಂತಪುರದ ಸಂಸದ ತಲಾರಿ ರಂಗಯ್ಯನವರಿಗೆ ಹೋಯಿತು. ಆ ಪಕ್ಷ ಆಗ ಗಂಡಸರನ್ನೂ ಅತ್ತಿಂದಿತ್ತ ಕದಲಿಸಿತ್ತು, ಅದೂ ನಿಜ. ಆದರೆ ಎದುರಾಳಿ ಸವಿತಾ ಯಾರು? ಪೆನುಕೊಂಡದ ಶಾಸಕರೂ ಹಿಂದೂಪುರದ ಸಂಸದರೂ ಆಗಿದ್ದ ಎಸ್. ರಾಮಚಂದ್ರಾರೆಡ್ಡಿಯವರ ಮಗಳು. ಪರಿಟಾಲ ಸುನೀತಾ ಅವರದೂ ಇದೇ ಕಥೆ. 2005ರ ಜನವರಿಯಲ್ಲಿ ಗಂಡ ಪರಿಟಾಲ ರವಿಯ ಕೊಲೆಯಾದ ಮೇಲೆ ಪೆನುಕೊಂಡದ ಉಪಚುನಾವಣೆಯಲ್ಲಿ ಗೆದ್ದು ಬಂದ ಅವರು ಮುಂದೆ ರಾಪ್ತಾಡಿನಲ್ಲಿ ನೆಲೆ ನಿಂತರು, ಮಂತ್ರಿಯಾದರು. ಪುಟ್ಟಪರ್ತಿಯ ಶಾಸಕಿ ಸಿಂಧೂರ ರೆಡ್ಡಿ ಮಾಜಿ ಸಚಿವ ಪಲ್ಲೆ ರಘುನಾಥ ರೆಡ್ಡಿಯವರ ಸೊಸೆ. ಮನೆತನದ ಬಲವಿದ್ದವಳಿಗೆ ಕ್ಷೇತ್ರವೂ ಸಿಗುತ್ತದೆ, ಉಳಿದವಳಿಗೆ ಟಿಕೆಟ್ಟಷ್ಟೇ. ಮಗ, ಅಳಿಯ ಎಂದು ಬಂದ ಗಂಡಸರನ್ನು ಎಣಿಸುವ ಗೊಡವೆಗೆ ಮಾತ್ರ ಯಾರೂ ಹೋಗುವುದಿಲ್ಲ!

ಹಿಂದೂಪುರದ ಮಾತು ಇನ್ನೂ ವಿಚಿತ್ರ. 1985ರಲ್ಲಿ ಎನ್.ಟಿ. ರಾಮರಾವ್ ಗೆದ್ದಂದಿನಿಂದ ಇಂದಿನ ಬಾಲಕೃಷ್ಣರವರೆಗೆ ಅಲ್ಲಿನ ಶಾಸಕರೆಲ್ಲ ಗಂಡಸರೇ. 2024ರಲ್ಲಿ ಬಾಲಕೃಷ್ಣ ಎದುರು ಟಿ.ಎನ್. ದೀಪಿಕಾ ನಿಂತು ಸೋತರು. ಅದೇ ಸಲ ಹಿಂದೂಪುರದಿಂದ ಲೋಕಸಭೆಗೆ ನಿಂತು ಸೋತವರು ನಮ್ಮ ಬಳ್ಳಾರಿಯ ಜೆ. ಶಾಂತಾ, ಕರ್ನಾಟಕದ ಮಾಜಿ ಸಚಿವ ಶ್ರೀರಾಮುಲು ತಂಗಿ. 2009ರಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಬಳ್ಳಾರಿಯಿಂದ ಸಂಸದೆಯಾಗಿದ್ದವರು. ಗಡಿಯ ಈಚೆ, ಕರ್ನಾಟಕದಲ್ಲಿ, ಅವರ ಕುಲವಾದ ವಾಲ್ಮೀಕಿ ನಾಯಕರು ಎಸ್.ಟಿ.; ಆಚೆ, ಬುಡಕಟ್ಟಿನವರ ಏಜೆನ್ಸಿ ಪ್ರದೇಶ ಬಿಟ್ಟರೆ, ಅದೇ ಕುಲದ ಬೋಯರು ಬಿ.ಸಿ. ಒಂದೇ ರಕ್ತಸಂಬಂಧ, ಲೆಕ್ಕ ಬೇರೆ. ಆ ಲೆಕ್ಕದಲ್ಲಿ ಕುಲಕ್ಕೆ ಜಾಗವಿದೆ. ಆ ಗಡಿಯೂರುಗಳಲ್ಲಿ ಆಡುವ ಕನ್ನಡಕ್ಕಿಲ್ಲ, ಅದು ಪ್ರಚಾರಕ್ಕೆ ಮಾತ್ರ ಬೇಕು.

ಪೆನುಕೊಂಡದ ಕಡೆಯಂತೆ ಅಮೆರಿಕದ ನ್ಯೂ ಮೆಕ್ಸಿಕೋ ಕೂಡ ಗಡಿನಾಡೇ. 2010ರ ಗವರ್ನರ್ ಚುನಾವಣೆಯಲ್ಲಿ ಅಲ್ಲಿಯೂ ಎರಡು ದೊಡ್ಡ ಪಕ್ಷಗಳಿಂದ ನಿಂತವರು ಹೆಂಗಸರೇ: ಸುಸಾನಾ ಮಾರ್ಟಿನೆಜ್ ಮತ್ತು ಡಯಾನ್ ಡೆನಿಶ್. ಗೆದ್ದ ಮಾರ್ಟಿನೆಜ್ ಆ ದೇಶದ ಮೊದಲ ಲ್ಯಾಟಿನಾ ಗವರ್ನರ್. ಅದಕ್ಕೂ ಮುಂಚೆ ಅವರು ಮೆಕ್ಸಿಕೋ ಗಡಿಗಂಟಿದ ಡೋನಾ ಆನಾ ಕೌಂಟಿಯಲ್ಲಿ ಚುನಾಯಿತ ಸರ್ಕಾರಿ ವಕೀಲೆಯಾಗಿ, ಒಂದೇ ನೆಲದಲ್ಲಿ ಮತ್ತೆ ಮತ್ತೆ ಗೆದ್ದಿದ್ದರು.

ನಮ್ಮಲ್ಲಿ ಅಂಥ ಮೆಟ್ಟಿಲು ಇಲ್ಲವೆಂದಲ್ಲ. ಕರ್ನಾಟಕ 1987ರಲ್ಲೇ ಮಂಡಲ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇ. 25 ಜಾಗ ಕೊಟ್ಟು ಚುನಾವಣೆ ನಡೆಸಿತು. ಈಗ ಎರಡೂ ರಾಜ್ಯಗಳಲ್ಲಿ ಅರ್ಧಪಾಲು. ಬೋಯ ಗಿರಿಜಮ್ಮ 2021ರಲ್ಲಿ ಅನಂತಪುರ ಜಿಲ್ಲಾ ಪರಿಷತ್ತಿನ ಅಧ್ಯಕ್ಷೆಯಾದರು. ಆದರೆ ಮೀಸಲಾತಿ ಸರದಿಯಂತೆ ಕದಲುತ್ತದೆ. ಒಂದು ಅವಧಿಯಲ್ಲಿ ಆಡಳಿತ ಕಲಿತ ಸರ್ಪಂಚಮ್ಮ ಮುಂದಿನ ಸಲ ಅಡುಗೆಮನೆಗೆ ವಾಪಸು, ಇಲ್ಲವೇ ಕಾಗದದ ಮೇಲೆ ಅವಳು, ಕುರ್ಚಿಯಲ್ಲಿ ಗಂಡ.

2023ರ ಸಂವಿಧಾನದ 106ನೇ ತಿದ್ದುಪಡಿ ವಿಧಾನಸಭೆಯಲ್ಲಿ ಹೆಂಗಸರಿಗೆ ಮೂರರಲ್ಲಿ ಒಂದು ಪಾಲು ಕೊಡುತ್ತದೆಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ನಾನು ಗುರುತುಹಾಕಿಕೊಂಡ ಸಾಲು ಇನ್ನೊಂದು: ಮೀಸಲು ಕ್ಷೇತ್ರಗಳ ಸರದಿ ಬದಲಾಗುವುದು ಪ್ರತಿ ಚುನಾವಣೆಗಲ್ಲ, ಪ್ರತಿ ಕ್ಷೇತ್ರ ಮರುವಿಂಗಡಣೆಗೆ. ಹಾಗಾದರೆ ಕಲ್ಯಾಣದುರ್ಗವೋ ಹಿಂದೂಪುರವೋ ಮೀಸಲಾದ ದಿನ, ಅಲ್ಲಿ ಸೋತ ಹೆಣ್ಣುಮಗಳು ಅದೇ ಊರುಗಳಿಗೆ ಎರಡನೆಯ ಸಲ, ಮೂರನೆಯ ಸಲ ಓಟು ಕೇಳಲು ಹೋಗಬಹುದು.